ನಾನು ಇಲ್ಲವೆಂದ ಶಿಳ್ಳೆ

ಕುಶಾಲನಗರದ ಒಂದು ರೇಡಿಯೋ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ದುಡಿದು ಎರಡು ವರ್ಷದ ಹಿಂದೆ ಬಿಟ್ಟೆ. ರಿಪೇರಿಯೂ ನನ್ನದೇ, ಯಾರ ಮನೆಗೆ ಯಾವುದು ಒಪ್ಪುತ್ತದೆ ಎಂದು ಹೇಳುವುದೂ ನನ್ನದೇ. ನನ್ನ ಹೆಸರು ಚಂದ್ರಣ್ಣ. ನಮ್ಮಪ್ಪ ಹಾಸನದ ಕಡೆಯಿಂದ ಇಲ್ಲಿಗೆ ಬಂದು ಗದ್ದೆ ಮಾಡಿದವರು. ನನಗೆ ಗದ್ದೆ ಒಲಿಯಲಿಲ್ಲ, ರೇಡಿಯೋ ಒಲಿಯಿತು. ಈಗ ಆ ಬೆಂಚಿನ ಮುಂದೆ ಡಿಪ್ಲೊಮಾ ಮಾಡಿದವರು ಕೂರುತ್ತಾರೆ. ಸರ್ಕ್ಯೂಟಿನ ವಿಷಯ ಅವರಿಗೆ ನಾನು ಹೇಳಿಕೊಡುವಂಥದ್ದು ಏನೂ ಉಳಿದಿಲ್ಲ. ಆದರೆ ಮಾಡಿದ ತಪ್ಪುಗಳ ದಾಸ್ತಾನು ನನ್ನ ಹತ್ತಿರ ಬೇಕಾದಷ್ಟಿದೆ, ಅವುಗಳಲ್ಲಿ ಕೊನೆಯದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ. ಅದಕ್ಕೆ ಮುಂಚೆ ಒಂದೆರಡು ಹಳೆಯದನ್ನು ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಅಂಗಡಿಗೆ ಬರುವ ಮುಕ್ಕಾಲು ಪಾಲು ಜನ ಕೇಳುವುದು ಒಂದೇ. "ಮನೇಲಿ ಆಂಪ್ಲಿಫೈಯರ್ ಇದೆ, ಎರಡು ಸ್ಪೀಕರ್ ಬಾಕ್ಸೂ ಇದಾವೆ. ಹಾಡು ಹಾಕೋಕೆ ಕಡಿಮೆ ಖರ್ಚಲ್ಲಿ ಏನಾದ್ರೂ ನೋಡ್ಕೊಡಿ." ನಾನು ಸೇರಿದಾಗ ಇದಕ್ಕೆ ಉತ್ತರ ಟೇಪ್ ಡೆಕ್. ಆಮೇಲೆ ಸಿಡಿ ಪ್ಲೇಯರ್, ಆಮೇಲೆ ಸಿಡಿಯನ್ನೂ ಓದುವ ಡಿವಿಡಿ ಪ್ಲೇಯರ್, ಆಮೇಲೆ ಪೆನ್‌ಡ್ರೈವ್ ಚುಚ್ಚುವ ಅಂಗೈಯಗಲದ ಬೋರ್ಡು, ಈಗ ಮೊಬೈಲ್. ಉತ್ತರ ಇಷ್ಟು ಸಲ ಬದಲಾಯಿತು, ಪ್ರಶ್ನೆ ಹಾಗೇ ಇದೆ. ಜನ ಮೊದಲು ದೊಡ್ಡ ಬಾಕ್ಸು ನೋಡುತ್ತಾರೆ, ಆ ಬಾಕ್ಸಿಗೆ ಹಾಡು ಎಲ್ಲಿಂದ ಬರಬೇಕು ಎಂದು ಕೊನೆಗೆ ಯೋಚಿಸುತ್ತಾರೆ. ಆ ಕೊನೆಯ ಯೋಚನೆಯನ್ನು ಅವರ ಪರವಾಗಿ ಮಾಡುವುದೇ ನನ್ನ ಹೊಟ್ಟೆಪಾಡಾಗಿತ್ತು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಅಂಗಡಿಯ ಯಜಮಾನರು ಸುಬ್ಬಯ್ಯನವರು. ಕಪಾಟಿನ ಮೇಲೆ ನಾಲ್ಕು ರೇಡಿಯೋ ಇಟ್ಟು, ನಾಲ್ಕನ್ನೂ ಹಚ್ಚಿ, "ಯಾವುದಕ್ಕೆ ಕಾಯಿಲೆ ಹೇಳು" ಎಂದರು. ಮೂರನೆಯದರಲ್ಲಿ ಜೇನುನೊಣ ದೂರದಲ್ಲಿ ಹಾರಿದಂತೆ ಒಂದು ಗುಂಯ್ ಇತ್ತು, ತೋರಿಸಿದೆ. "ಕಿವಿ ಉಂಟು. ಬಾಕಿದು ಕಲಿಸ್ಬಹುದು" ಎಂದರು. ಆ ಒಂದು ಮಾತಿನ ಮೇಲೆ ನಾನು ಮೂವತ್ತೆಂಟು ವರ್ಷ ಮೀಸೆ ತಿರುವಿದ್ದೇನೆ. ಸುಬ್ಬಯ್ಯನವರು ಕಲಿಸಿದ ಪರೀಕ್ಷೆಯೂ ಒಂದಿತ್ತು. ಯಾವ ಸೆಟ್ಟನ್ನು ಯಾರ ಮನೆಯಲ್ಲಿ ಕೂರಿಸಿದರೂ ಹೊರಡುವ ಮುಂಚೆ ಹಾಡು ನಿಲ್ಲಿಸಬೇಕು, ವಾಲ್ಯೂಮ್ ಪೂರ್ತಿ ಏರಿಸಬೇಕು, ಬಾಕ್ಸಿಗೆ ಕಿವಿ ಹಚ್ಚಬೇಕು. "ಸೆಟ್ಟು ಹಾಡೋದನ್ನ ಎಲ್ಲರೂ ಕೇಳ್ತಾರೆ ಮಾರಾಯ, ನೀನು ಅದು ಸುಮ್ಮನಿರೋದನ್ನ ಕೇಳು" ಎನ್ನುತ್ತಿದ್ದರು. ಒಳಗೆ ಏನೇ ಊನವಿದ್ದರೂ ಆ ಮೌನದಲ್ಲಿ ಸಿಕ್ಕಿಬೀಳುತ್ತದೆ. ಹಿಸ್, ಗುಂಯ್, ಚಿಟಿಚಿಟಿ, ಒಂದೊಂದಕ್ಕೂ ಒಂದೊಂದು ಕಾರಣ. ಡಾಕ್ಟರು ಎದೆಗೆ ಕೊಳವೆ ಇಟ್ಟ ಹಾಗೆ ನಾನು ಕಿವಿ ಇಡುತ್ತಿದ್ದೆ, ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. "ಸರಿಯಾಗಿದೆ" ಎಂದು ನಾನು ಎದ್ದರೆ ಅದು ತೀರ್ಪು.

ನಮ್ಮ ಮಾತನ್ನು ಈ ಬೆಟ್ಟದ ಜನ ಎಷ್ಟರ ಮಟ್ಟಿಗೆ ನಂಬುತ್ತಾರೆ ಎಂದು ನನಗೆ ಮೊದಲು ಗೊತ್ತಾದದ್ದು ಭಾಗಮಂಡಲದಲ್ಲಿ. ಅಲ್ಲಿ ಒಬ್ಬ ಅರ್ಚಕರ ಮನೆಗೆ ಸಿಡಿ ಪ್ಲೇಯರ್ ಕೊಟ್ಟಿದ್ದೆ. ಅಲ್ಲಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು, ಪಂಚಾಂಗಕ್ಕೂ ಬೂಸ್ಟು. ಪ್ಲೇಯರಿನ ಕಣ್ಣಿಗೆ, ಅಂದರೆ ಸಿಡಿಯನ್ನು ಓದುವ ಗಾಜಿಗೆ ಬೂಸ್ಟು ಹಿಡಿದರೆ ಕತೆ ಮುಗಿಯಿತು. "ಅಜ್ಜಿ, ಇದನ್ನ ಒಣಗಿರೋ ಜಾಗದಲ್ಲಿ ಇಡಿ, ತೇವ ತಾಗಬಾರದು" ಎಂದು ಮನೆಯ ಹಿರಿಯಜ್ಜಿಗೆ ಹೇಳಿ ಬಂದೆ. ದೀಪಾವಳಿ ಕಳೆದ ಮೇಲೆ ಅದೇ ಪ್ಲೇಯರ್ ಬಸ್ಸಿನಲ್ಲಿ ಅಂಗಡಿಗೆ ಬಂತು. ಬಿಚ್ಚಿ ನೋಡಿದವನು ದಂಗಾದೆ. ಒಳಗೆಲ್ಲ ಕಾಡಿಗೆ ಬಳಿದಂತೆ ಮಸಿ. ತಟ್ಟೆ ಎಳೆಯುವ ರಬ್ಬರ್ ಬೆಲ್ಟು ಕರಗಿ ಬೆಲ್ಲದ ಪಾಕವಾಗಿತ್ತು. ಫೋನ್ ಮಾಡಿ ಕೇಳಿದರೆ ಅಜ್ಜಿ ಹೇಳಿದರು, "ನಮ್ಮನೇಲಿ ಮಳೆಗಾಲದಲ್ಲಿ ಒಣಗಿರೋ ಜಾಗ ಅಂದ್ರೆ ಒಲೆ ಮೇಲಿನ ಅಟ್ಟ ಒಂದೇ. ಬಿತ್ತನೆ ಬೀಜ ಅಲ್ಲೇ, ಕಾಳುಮೆಣಸು ಅಲ್ಲೇ. ನೀವು ಹೇಳಿದ್ರಿ, ಇಟ್ವಿ." ನಾಲ್ಕು ತಿಂಗಳು ಮೂರು ಹೊತ್ತಿನ ಸೌದೆ ಹೊಗೆ ಕುಡಿದಿತ್ತು ಆ ಯಂತ್ರ. ಬೈಯಲು ಬಾಯಿ ತೆರೆದೆ, ಏನೆಂದು ಬೈಯಲಿ? ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಅಂದಿನಿಂದ "ಒಣಗಿದ ಜಾಗ" ಎನ್ನುವುದನ್ನು ಬಿಟ್ಟು, "ಮುಚ್ಚಿದ ಕಪಾಟಿನಲ್ಲಿಟ್ಟು ಒಳಗೆ ಒಂದು ಸಣ್ಣ ಬಲ್ಬು ಉರಿಸಿ" ಎಂದು ಬಿಡಿಸಿ ಹೇಳಲು ಕಲಿತೆ.

ಎರಡನೆಯ ಆಘಾತ ಅಂಗಡಿಯೊಳಗೇ ಆಯಿತು. ನಾಪೋಕ್ಲಿನ ಪೊನ್ನಪ್ಪನವರು ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರು. ಎರಡು ಸಿಡಿ ಪ್ಲೇಯರ್‌ಗಳಲ್ಲಿ ಯಾವುದು ವಾಸಿ ಎಂದು ತೋರಿಸಿ ಎಂದರು. ಒಂದು ಅಗ್ಗದ್ದು, ಇನ್ನೊಂದು ಅದರ ಮೂರರಷ್ಟು ಬೆಲೆಯದು. ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಗುಂಡಿ ಅತ್ತಿತ್ತ ತಿರುಗಿಸುತ್ತಾ ಒಂದು ಗಂಟೆ ಭಾಷಣ ಮಾಡಿದೆ. ಈಗ ಕೇಳಿ, ಮೃದಂಗದ ಮೇಲೆ ಬೆರಳಿನ ತುದಿ ಬಿದ್ದದ್ದು ಕೂಡ ಗೊತ್ತಾಗುತ್ತದೆ. ಈಗ ಕೇಳಿ, ಅಗ್ಗದ್ದರಲ್ಲಿ ಎಲ್ಲ ಕಂಬಳಿ ಹೊದ್ದ ಹಾಗಿದೆ. ಸುಬೇದಾರರು ಕೈ ಕಟ್ಟಿಕೊಂಡು ಕೇಳಿದರು. ಕೊನೆಗೆ ಎದ್ದು ಬಂದು ಬಗ್ಗಿ ಹಿಂದಿನ ವಯರುಗಳನ್ನು ನೋಡಿ, "ಚಂದ್ರಣ್ಣ, ನೀವು ಹೊಗಳ್ತಾ ಇರುವಾಗ ಹಾಡ್ತಾ ಇರೋದು ಈ ಅಗ್ಗದ್ದೇ ಅಲ್ವಾ?" ಎಂದರು. ನೋಡಿದೆ. ಬೆಳಿಗ್ಗೆ ವಯರುಗಳನ್ನು ನಾನೇ ಅದಲುಬದಲಾಗಿ ಚುಚ್ಚಿದ್ದೆ. ಒಂದು ಗಂಟೆ ಕಾಲ ನಾನು ಹೊಗಳಿದ್ದು ಅಗ್ಗದ್ದನ್ನು, ತೆಗಳಿದ್ದು ದುಬಾರಿಯದನ್ನು. ಸುಳ್ಳು ಹೇಳಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ನನಗೆ ನಿಜವಾಗಿ ಹಾಗೆಯೇ ಕೇಳಿಸಿತ್ತು. ಸುಬೇದಾರರು ನಗುತ್ತಾ ಅಗ್ಗದ್ದನ್ನೇ ಕಟ್ಟಿಸಿಕೊಂಡು ಹೋದರು. ಆಮೇಲಿಂದ ಹೋಲಿಸಿ ತೋರಿಸುವಾಗ ಎರಡರ ಮೇಲೂ ಟವಲು ಮುಚ್ಚುತ್ತಿದ್ದೆ, ಯಾವುದು ಯಾವುದು ಎಂದು ನನಗೂ ಗೊತ್ತಾಗದ ಹಾಗೆ. ಹೊಸಬರು ಈಗಲೂ ಹಾಗೆ ಮಾಡಿ. ಬಹಳಷ್ಟು ದುಬಾರಿ ಸಾಮಾನು ಟವಲಿನ ಕೆಳಗೆ ಸೋಲುತ್ತದೆ.

ಇಷ್ಟೆಲ್ಲ ಆದ ಮೇಲೂ ನಾನು ಕಲಿತದ್ದು ಅರ್ಧ ಪಾಠ. ಕಣ್ಣು ನೋಡಿದರೆ ಕಿವಿ ಮೋಸ ಹೋಗುತ್ತದೆ ಎಂದು ತಿಳಿದೆ. ಬರೀ ಕಿವಿ ಮೋಸ ಹೋಗಬಹುದೆಂದು ನನಗೆ ಹೊಳೆಯಲೇ ಇಲ್ಲ.

ಶ್ರೀನಿವಾಸ ಮೇಷ್ಟ್ರು ಮಡಿಕೇರಿಯಲ್ಲಿ ಹೈಸ್ಕೂಲಿಗೆ ಗಣಿತ ಹೇಳುವವರು. ನನ್ನ ಕೆಲಸದ ಕೊನೆಯ ವರ್ಷ ಅವರು, ಅವರ ಹೆಂಡತಿ ವಿಜಯಾ ಇಬ್ಬರೂ ಅಂಗಡಿಗೆ ಬಂದರು. ವಿಜಯಾ ಅವರಿಗೆ ತವರಿನಿಂದ ಒಂದು ಆಂಪ್ಲಿಫೈಯರ್, ತೇಗದ ಎರಡು ಬಾಕ್ಸು ಬಂದಿದ್ದವು. ಅದಕ್ಕೆ ಹಾಡು ಒದಗಿಸಲು ಒಂದು ಉಪಾಯ ಬೇಕಿತ್ತು, ಹೆಚ್ಚು ಖರ್ಚಿಲ್ಲದೆ. ನಾನು ಮೂರು ದಾರಿ ಹೇಳಿದೆ. ಸೆಕೆಂಡ್ ಹ್ಯಾಂಡ್ ಸಿಡಿ ಪ್ಲೇಯರ್ ಸಿಗುತ್ತದೆ, ಆದರೆ ಮಡಿಕೇರಿಯ ಥಂಡಿಗೆ ಅದರ ಕಣ್ಣು ಎಷ್ಟು ದಿನವೋ ಹೇಳಲಾಗದು. ಬ್ಲೂಟೂತ್ ಡಬ್ಬಿ ಬಲು ಅಗ್ಗ, ಆದರೆ ಕೈಯಲ್ಲಿರುವ ಫೋನಿಗೆ ಕರೆ ಬಂದಾಗಲೆಲ್ಲ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಅಂಗಳಕ್ಕೆ ಹೋದರೆ ತುಂಡುತುಂಡಾಗುತ್ತದೆ. ಮೂರನೆಯದು, ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನು ಹಾಡಿಗೆಂದೇ ಮೀಸಲಿಡುವುದು. ಅದಕ್ಕೊಂದು ಡ್ಯಾಕ್ ಜೋಡಿಸಬೇಕು. ಡ್ಯಾಕ್ ಎಂದರೆ ಮೊಬೈಲಿನ ಅಂಕಿಗಳನ್ನು ಆಂಪ್ಲಿಫೈಯರಿಗೆ ತಿಳಿಯುವ ಸದ್ದಾಗಿ ಬದಲಿಸುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ.

ಮೂರನೆಯದನ್ನೇ ಆರಿಸಿದೆವು. ಅಗ್ಗದ ದಾರಿಗಳಲ್ಲಿ ಅದೇ ಒಳ್ಳೆಯದು, ಇಂದು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಡಬ್ಬಿಯ ಜೊತೆ ಅದಕ್ಕೆ ಕರೆಂಟು ಕೊಡುವ ಚಾರ್ಜರ್ ಬಂದಿರಲಿಲ್ಲ. ಮೇಷ್ಟ್ರ ಮನೆಯಲ್ಲವೇ ಎಂದು ಡ್ರಾಯರ್ ತಡಕಿ ಯಾವುದೋ ಹೆಸರಿಲ್ಲದ ಚಾರ್ಜರನ್ನು ಪುಕ್ಕಟೆ ಸೇರಿಸಿದೆ. ನಾನೇ ಮಡಿಕೇರಿಗೆ ಹೋಗಿ ಅವರ ಮನೆಯ ಹಾಲ್‌ನಲ್ಲಿ ಜೋಡಿಸಿ, ಬಾಕ್ಸಿಗೆ ಕಿವಿ ಹಚ್ಚಿ ಕೇಳಿ, "ಸರಿಯಾಗಿದೆ" ಎಂದು ಎದ್ದೆ. ಆ ಮೌನ ಎಷ್ಟು ಶುದ್ಧವಾಗಿತ್ತೆಂದರೆ ನನಗೇ ಹೆಮ್ಮೆಯಾಯಿತು. ಈಚಿನ ವರ್ಷಗಳಲ್ಲಿ ಗಿರಾಕಿಗಳಿಗೆ ನಾನು ಹೇಳುವುದೇ ಆಗಿತ್ತು, ಈಗಿನ ಸಾಮಾನುಗಳಲ್ಲಿ ಹಿಸ್ ಎನ್ನುವುದೇ ಇಲ್ಲ, ಕಾಲ ಎಷ್ಟು ಮುಂದುವರಿಯಿತು ನೋಡಿ ಎಂದು.

ಹದಿನೈದು ದಿನಕ್ಕೆ ಮೇಷ್ಟ್ರ ಫೋನು. "ಚಂದ್ರಣ್ಣ, ಒಂದ್ಸಲ ಬಂದು ಹೋಗಿ. ಸೆಟ್ಟು ಚೆನ್ನಾಗಿದೆ. ನಮ್ಮ ಹುಡುಗಿಗೆ ಒಂದು ಮಾತು ಹೇಳಬೇಕಾಗಿದೆ."

ಹೋದೆ. ಹುಡುಗಿಯ ಹೆಸರು ಮೈತ್ರಿ, ನಾಲ್ಕನೇ ಕ್ಲಾಸು, ಒಬ್ಬಳೇ ಮಗಳು. ಸಂಜೆ ಅಮ್ಮ ಹಾಡು ಹಾಕಿದರೆ ಸಾಕು, ಅವಳು ಹಾಲ್‌ನಲ್ಲಿ ಓದಲು ಕೂರುವುದಿಲ್ಲವಂತೆ. ಶಿಳ್ಳೆ ಬರುತ್ತದೆ, ತಲೆ ನೋಯುತ್ತದೆ ಎನ್ನುತ್ತಾಳಂತೆ. ಮಡಿಕೇರಿಯ ಆಸ್ಪತ್ರೆಯಲ್ಲಿ ಕಿವಿ ತೋರಿಸಿ ಬಂದಿದ್ದರು, ಕಿವಿ ಚೆನ್ನಾಗಿದೆ ಎಂದಿದ್ದರು. ಕಿವಿ ಚೆನ್ನಾಗಿದ್ದರೆ ಉಳಿದದ್ದು ಒಂದೇ, ಲೆಕ್ಕ ಮಾಡಲು ಸೋಮಾರಿತನ ಎಂಬುದು ಮೇಷ್ಟ್ರ ತೀರ್ಮಾನ. ಮೇಷ್ಟ್ರು ಕೆಟ್ಟವರಲ್ಲ. ಆದರೆ ಸುಳ್ಳು ಎಂದರೆ ಅವರಿಗೆ ಮೈಯೆಲ್ಲ ಉರಿ.

"ಸೌಂಡಿನ ವಿಷಯದಲ್ಲಿ ಇವರಿಗಿಂತ ತಿಳಿದವರು ಈ ಜಿಲ್ಲೇಲಿ ಇಲ್ಲ. ಇವರೇ ಹೇಳ್ತಾರೆ, ಕೇಳು" ಎಂದು ಮಗಳನ್ನು ನನ್ನ ಎದುರಿಗೆ ನಿಲ್ಲಿಸಿದರು.

ಹೊಗಳಿಕೆಗೆ ಉಬ್ಬಿದೆ, ಒಪ್ಪಿಕೊಳ್ಳುತ್ತೇನೆ. ಹಾಡು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಕಿವಿ ಹಚ್ಚಿದೆ. ಏನೂ ಇಲ್ಲ. ಇನ್ನೊಂದು ಬಾಕ್ಸಿಗೂ ಹಚ್ಚಿದೆ. ಏನೂ ಇಲ್ಲ. ಹುಡುಗಿ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದಳು.

"ಬರ್ತಾ ಇದೆ ತಾತ. ಈಗ ಜೋರಾಗಿ ಬರ್ತಾ ಇದೆ" ಎಂದಳು.

"ಏನೂ ಬರ್ತಿಲ್ಲ ಪುಟ್ಟಾ. ನಾನು ನೀನು ಹುಟ್ಟೋಕೆ ಎಷ್ಟೋ ವರ್ಷ ಮುಂಚೆಯಿಂದ ಇದನ್ನೇ ಕೇಳ್ಕೊಂಡು ಬಂದವನು. ಶಿಳ್ಳೆ ಇದ್ದಿದ್ರೆ ನನಗೆ ತಪ್ಪಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ."

"ಬೆಕ್ಕೂ ಇಲ್ಲಿ ಕೂರಲ್ಲ ತಾತ. ಮುಂಚೆ ಇದೇ ಕುರ್ಚಿ ಮೇಲೆ ಮಲಗ್ತಿತ್ತು. ಈಗ ಹಾಡು ಹಾಕಿದ ಕೂಡ್ಲೇ ಅಡುಗೆಮನೆಗೆ ಓಡುತ್ತೆ."

ನಾವು ಮೂವರು ದೊಡ್ಡವರೂ ನಕ್ಕೆವು. ಬೆಕ್ಕನ್ನೂ ಸಾಕ್ಷಿಗೆ ಕರೆತಂದಳಲ್ಲ ಎಂದು ಮೇಷ್ಟ್ರು ಚಟಾಕಿ ಹಾರಿಸಿದರು. ನಾನು ಕಾಫಿ ಕುಡಿದು, ಹುಡುಗಿಯ ತಲೆ ಸವರಿ, "ಹಾಗೆಲ್ಲ ಹೇಳ್ಬಾರ್ದು, ಅಪ್ಪನ ಮಾತು ಕೇಳು" ಎಂದು ಬುದ್ಧಿ ಹೇಳಿ ಬಸ್ಸು ಹತ್ತಿದೆ.

ಆ ವಾಕ್ಯವನ್ನು ಬರೆಯುತ್ತಿರುವಾಗ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿದೆ. ನಾಲ್ಕು ತಿಂಗಳು ಅದನ್ನು ಮರೆತು ಹಾಯಾಗಿದ್ದೆ.

ಕುಶಾಲನಗರದ ಒಂದು ಕಲ್ಯಾಣ ಮಂಟಪದಲ್ಲಿ ಎರಡು ದಿನದ ಉಚಿತ ಕಿವಿ ತಪಾಸಣೆ ಇಟ್ಟರು. ನನ್ನ ಹೆಂಡತಿ ಲಲಿತಾ ಹೋಗೋಣ ಎಂದು ಗಂಟುಬಿದ್ದಳು. ಅವಳಿಗೇ ಏನೋ ತೊಂದರೆ ಎಂದುಕೊಂಡು ಜೊತೆಗೆ ಹೋದೆ. ಅಲ್ಲಿಗೆ ಹೋದರೆ ಅವಳು ನನ್ನ ಹೆಸರನ್ನು ಬರೆಸಿದ್ದಳು. ನನಗೆ ನಗು. ರೇಡಿಯೋದವನ ಕಿವಿ ಪರೀಕ್ಷೆಯೇ? ಪರೀಕ್ಷೆ ಮಾಡುವ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ, ಒತ್ತಿದೆ, ಆಮೇಲೆ ಸುಮಾರು ಹೊತ್ತು ಯಾವ ಸದ್ದೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು, ಹೇಳೋಣವೇ ಎಂದು ಯೋಚಿಸುತ್ತಾ ಕೂತಿದ್ದೆ.

ಅವರು ಒಂದು ಕಾಗದ ಮುಂದಿಟ್ಟರು. ಅದರ ಮೇಲೆ ಒಂದು ಗೆರೆ. ಎಡಗಡೆಯಿಂದ ನೆಟ್ಟಗೆ ಬಂದು ನಡುವೆ ಒಮ್ಮೆಲೇ ಕೆಳಗೆ ಬಿದ್ದಿತ್ತು, ಮಳೆಗೆ ಗುಡ್ಡದ ದರೆ ಜರಿದ ಹಾಗೆ.

"ಮಾತು ನಿಮಗೆ ಚೆನ್ನಾಗೇ ಕೇಳುತ್ತೆ ಸರ್. ಆದ್ರೆ ತೀಕ್ಷ್ಣವಾದ ಸದ್ದುಗಳು, ಐದು ಸಾವಿರ ಹರ್ಟ್ಸ್‌ನಿಂದ ಮೇಲಿನವು, ಹೆಚ್ಚುಕಡಿಮೆ ಹೋಗಿಬಿಟ್ಟಿದಾವೆ."

"ಯಾವಾಗ ಹೋದ್ವು?"

"ಇದು ಒಂದೇ ದಿನಕ್ಕೆ ಆಗೋದಲ್ಲ. ಹತ್ತು ವರ್ಷ, ಹದಿನೈದು ವರ್ಷದಿಂದ ನಿಧಾನವಾಗಿ ಆಗಿರುತ್ತೆ. ವಯಸ್ಸಾದ ಮೇಲೆ ಎಷ್ಟೋ ಜನರಿಗೆ ಹೀಗಾಗುತ್ತೆ. ನೀವು ಏನ್ ಕೆಲಸ ಮಾಡ್ತೀರಿ ಸರ್?"

ಲಲಿತಾಳೇ ಹೇಳಿದಳು. ಡಾಕ್ಟರಮ್ಮ ನನ್ನ ಮುಖ ನೋಡಿ ಕಾಗದದ ಕಡೆಗೆ ಕಣ್ಣು ತಿರುಗಿಸಿಕೊಂಡರು.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಸಂಜೆಯಾಗುತ್ತಿತ್ತು. "ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಕುಕ್ಕರ್ ಪಕ್ಕದಲ್ಲೇ ನಿಂತ್ಕೊಂಡು ವಿಷಲ್ ಎಷ್ಟಾಯ್ತು ಅಂತ ನನ್ನ ಕೇಳ್ತೀರಿ. ಗೊತ್ತಾಗದೆ ಇರುತ್ತಾ?" ಎಂದಳು. ಆಮೇಲೆ, "ಜೀರುಂಡೆ ವಿಷಯ ಬೇರೆ" ಎಂದಳು.

ಜೀರುಂಡೆಯ ವಿಷಯ ಏನೆಂದರೆ, ಕೆಲವು ವರ್ಷಗಳಿಂದ ನಾನು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕೂತಲ್ಲಿ ನಿಂತಲ್ಲಿ ಭಾಷಣ ಮಾಡುತ್ತಿದ್ದೆ. ಎಸ್ಟೇಟಿನವರು ಔಷಧಿ ಹೊಡೆದು ಹೊಡೆದು ಜೀರುಂಡೆಗಳ ಸಂತತಿಯನ್ನೇ ಅಳಿಸಿಬಿಟ್ಟರು, ಮುಂಚೆ ಸಂಜೆಯಾದರೆ ಕಿವಿಗಡಚಿಕ್ಕುವಂತೆ ಕೂಗುತ್ತಿದ್ದವು, ಈಗ ನೋಡಿ ಎಷ್ಟು ಭಣಭಣ ಎಂದು. ಕೇಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಒಬ್ಬ ರೈಟರ ಜೊತೆ, ಅಂದರೆ ಎಸ್ಟೇಟಿನ ಗುಮಾಸ್ತನ ಜೊತೆ, ಈ ವಿಷಯಕ್ಕೆ ಜಗಳವೂ ಆಗಿತ್ತು.

"ಈಗ ಕೂಗ್ತಾ ಇದಾವಾ?" ಎಂದೆ.

"ಅವು ಯಾವತ್ತು ನಿಲ್ಸಿದ್ವು ಕಣ್ರಿ? ಈಗ್ಲೂ ಹಿತ್ತಿಲಲ್ಲಿ ಒಂದೇ ಸಮ ಕೂಗ್ತಾ ಇದಾವೆ."

ಹಿತ್ತಿಲ ಕಡೆ ಕಿವಿಗೊಟ್ಟೆ. ಅಲ್ಲಿ ನನಗೆ ಏನೂ ಇರಲಿಲ್ಲ. ಹೊಸ ಸಾಮಾನುಗಳಲ್ಲಿ ಹಿಸ್ ಇಲ್ಲ ಎಂದು ಎಷ್ಟು ಮನೆಗಳಲ್ಲಿ ಹೇಳಿದ್ದೆ! ನನ್ನ ಕಿವಿಗೆ ಮಂಕೆನಿಸಿತೆಂದು ಎಷ್ಟು ಸೆಟ್ಟುಗಳಲ್ಲಿ ಚೂಪು ಸದ್ದಿನ ಟ್ರೆಬಲ್ ಗುಂಡಿ ಏರಿಸಿ ಬಂದಿದ್ದೆ! ಆ ಮನೆಗಳಲ್ಲೆಲ್ಲ ಹಾಡು ಕಿರಿಚಿರಬೇಕು, ಚಂದ್ರಣ್ಣ ಹೇಳಿದ ಮೇಲೆ ಹೀಗೇ ಇರಬೇಕೆಂದು ಅವರು ಸಹಿಸಿಕೊಂಡಿರಬೇಕು. ಒಂದೊಂದೇ ಮನೆ ಕಣ್ಣ ಮುಂದೆ ಬಂತು. ಹಾಗೆ ಬರುತ್ತಾ ಬರುತ್ತಾ ಎರಡೂ ಕಿವಿ ಮುಚ್ಚಿಕೊಂಡು ನಿಂತ ಹುಡುಗಿ ಬಂದು ನಿಂತಳು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. ನನಗೆ ಕೇಳಿಸದ ಸದ್ದನ್ನು ನಾನು ಕಂಡುಹಿಡಿಯುವುದು ಹೇಗೆ ಎಂದು ಕೇಳಿದೆ. "ಕಣ್ಣಲ್ಲಿ ನೋಡಿ ಸರ್" ಎಂದು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಸುತ್ತಲಿನ ಸದ್ದನ್ನೆಲ್ಲ ಅದು ಗೆರೆಗಳಾಗಿ ತೋರಿಸುತ್ತದೆ. ದಪ್ಪ ಸದ್ದಿಗೆ ಎಡಗಡೆ, ಚೂಪು ಸದ್ದಿಗೆ ಬಲಗಡೆ ಗೆರೆ ಏಳುತ್ತದೆ. ನಮ್ಮ ವೃತ್ತಿಗೆ ಬರುವವರು ಯಾವ ಸಾಮಾನು ಕೊಳ್ಳದಿದ್ದರೂ ಇದನ್ನೊಂದು ಇಟ್ಟುಕೊಳ್ಳಿ. ಕಾಸು ಖರ್ಚಿಲ್ಲ.

ಭಾನುವಾರ ಮೇಷ್ಟ್ರು ಮನೆಯಲ್ಲಿರುತ್ತಾರೆಂದು ಆ ದಿನಕ್ಕೆ ಕಾದು ಮಡಿಕೇರಿಗೆ ಹೊರಟೆ. ಚೀಲದಲ್ಲಿ ಕಿವಿಯ ಕಾಗದ, ಒಂದು ಒಳ್ಳೆಯ ಚಾರ್ಜರ್. ನಾನು ಹೋದಾಗ ಹಾಡು ನಡೆಯುತ್ತಿತ್ತು. ಹುಡುಗಿ ಬಾಕ್ಸಿನ ಪಕ್ಕದಲ್ಲೇ ನೆಲದ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

"ಈಗ ಸರಿಹೋಗಿದಾಳೆ ಚಂದ್ರಣ್ಣ" ಎಂದು ಮೇಷ್ಟ್ರು ಸಂತೋಷದಿಂದ ಹೇಳಿದರು. "ನೀವು ಬಂದು ಹೋದ್ಮೇಲೂ ಒಂದು ವಾರ ಹಟ ಮಾಡಿದ್ಲು. 'ನಾನು ಸುಳ್ಳು ಹೇಳುವುದಿಲ್ಲ' ಅಂತ ದಿನಾ ನೂರು ಸಲ ಬರೆಸ್ದೆ. ಹಾಡು ಹಾಕಿದಾಗ ಇದೇ ಬಾಕ್ಸಿನ ಪಕ್ಕದಲ್ಲಿ ಕೂತು ಬರೀಬೇಕು ಅಂದೆ. ಒಂದೂವರೆ ನೋಟ್‌ಬುಕ್ ಆಯ್ತು. ಆಮೇಲೆ ಶಿಳ್ಳೆಯ ಸುದ್ದಿಯೇ ಇಲ್ಲ."

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಹಾಡು ನಿಲ್ಲಿಸಿ ಎಂದು ವಿಜಯಾ ಅವರಿಗೆ ಹೇಳಿ, ಫೋನ್ ತೆಗೆದು ಬಾಕ್ಸಿನ ಮುಂದೆ ಹಿಡಿದೆ. ಪರದೆಯ ಬಲತುದಿಯಲ್ಲಿ ಒಂದು ಗೆರೆ, ಬೇಲಿಯ ಗೂಟದ ಹಾಗೆ ನೆಟ್ಟಗೆ ನಿಂತಿತು. ಹದಿನೈದು ಸಾವಿರದ ಹತ್ತಿರ. ಅಲುಗಾಡಲಿಲ್ಲ. ಗೋಡೆಯ ಚಾರ್ಜರನ್ನು ಕಿತ್ತೆ, ಗೆರೆ ಮಾಯವಾಯಿತು. ಚುಚ್ಚಿದೆ, ಎದ್ದು ನಿಂತಿತು.

"ಎಂತದು ಅದು?" ಎಂದರು ಮೇಷ್ಟ್ರು.

"ಶಿಳ್ಳೆ" ಎಂದೆ. "ನಾನು ಕೊಟ್ಟ ಚಾರ್ಜರಿಂದ ಬಾಕ್ಸಿಗೆ ಬರ್ತಾ ಇದೆ. ಮೊದಲ ದಿನದಿಂದ ಇತ್ತು. ನನಗೆ ಕೇಳಿಸಲ್ಲ ಮೇಷ್ಟ್ರೇ, ನಿಮಗೂ ಕೇಳಿಸಲ್ಲ. ಮಕ್ಕಳಿಗೆ ಕೇಳಿಸುತ್ತೆ."

ವಿಜಯಾ ಅವರು ಗೋಡೆಗೆ ಒರಗಿದರು. "ನನಗೂ ಒಂದೊಂದ್ಸಲ ಏನೋ ಇದ್ದ ಹಾಗೆ ಅನ್ನಿಸ್ತಿತ್ತು" ಎಂದರು ಮೆಲ್ಲಗೆ. "ನೀವೇ ಇಲ್ಲ ಅಂದ್ಮೇಲೆ ನನ್ನ ಭ್ರಮೆ ಅಂದ್ಕೊಂಡೆ."

ಮೇಷ್ಟ್ರು ಗೆರೆಯನ್ನೇ ನೋಡುತ್ತಾ ನಿಂತರು. ಗಣಿತದವರು, ಗೆರೆಯನ್ನು ಅಲ್ಲವೆನ್ನಲಾರರು. ಆಮೇಲೆ "ಮೈತ್ರಿ, ಬಾ ಇಲ್ಲಿ" ಎಂದು ಕರೆದರು. ಅವಳು ಬಂದು ಕೈ ಹಿಂದೆ ಕಟ್ಟಿ ನಿಂತಳು. ಚಾರ್ಜರ್ ಗೋಡೆಯಲ್ಲೇ ಇತ್ತು, ಫೋನಿನ ಮೇಲೆ ಗೆರೆ ನಿಂತೇ ಇತ್ತು.

"ಈಗ ಶಿಳ್ಳೆ ಕೇಳ್ತಾ ಇದೆಯಾ?"

ಹುಡುಗಿ ಬಾಕ್ಸಿನ ಕಡೆ ನೋಡಲಿಲ್ಲ, ಅಪ್ಪನ ಮುಖ ನೋಡಿದಳು.

"ಇಲ್ಲಪ್ಪ."

"ಸರಿಯಾಗಿ ಕೇಳಿ ಹೇಳು."

"ಏನೂ ಕೇಳ್ತಿಲ್ಲಪ್ಪ. ನಾನು ಸುಳ್ಳು ಹೇಳುವುದಿಲ್ಲ."

ನೋಟ್‌ಬುಕ್ಕಿನಲ್ಲಿ ಬರೆದ ಹಾಗೆಯೇ, ಪುಸ್ತಕದ ಭಾಷೆಯಲ್ಲಿ, ಒಂದು ಅಕ್ಷರ ಬಿಡದೆ ಹೇಳಿದಳು. ಮೂವತ್ತೆಂಟು ವರ್ಷದಲ್ಲಿ ಯಾವ ಸದ್ದೂ ನನ್ನನ್ನು ಹೀಗೆ ಬಡಿದಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಈ ಮಗು ನಿಜ ಹೇಳಿತ್ತು, ನಾವು ಮೂವರು ನಕ್ಕಿದ್ದೆವು. ಈಗ ಸುಳ್ಳು ಹೇಳುತ್ತಿತ್ತು, ಅದು ಬುದ್ಧಿ ಕಲಿತಿದೆ ಎಂದು ಮನೆಯವರು ಸಂತೋಷಪಟ್ಟಿದ್ದರು. ಅದಕ್ಕೆ ಮೊಹರು ಒತ್ತಿದವನು ನಾನು.

ನೆಲದ ಮೇಲೆ ಅವಳ ಎದುರು ಕೂತೆ. ಕಾಗದ ಬಿಡಿಸಿದೆ. "ಮೈತ್ರಿ, ಇದು ನನ್ನ ಕಿವಿದು. ನೋಡು, ಇಲ್ಲೀವರೆಗೆ ಕೇಳುತ್ತೆ, ಇಲ್ಲಿಂದ ಆಚೆ ಕೇಳಲ್ಲ. ನೀನು ಹೇಳಿದ ಶಿಳ್ಳೆ ಇರೋದು ಆಚೆ. ಅವತ್ತು ನಾನು ಇಲ್ಲ ಅಂದಿದ್ದು ತಪ್ಪು. ನೀನು ಸರಿಯಾಗೇ ಹೇಳಿದ್ದೆ."

ಅವಳು ಗೆರೆಯ ಮೇಲೆ ಬೆರಳಿಟ್ಟು, ಅದು ಜಾರಿದ ಜಾಗದವರೆಗೆ ಎಳೆದುಕೊಂಡು ಹೋದಳು. "ಕಿವುಡಾ?" ಎಂದು ಕೇಳಿದಳು. ವಿಜಯಾ ಅವರು ಗದರಲು ಹೋದರು, ನಾನು ತಡೆದೆ. "ಹೌದು, ಆ ಸದ್ದಿಗೆ ಕಿವುಡ" ಎಂದೆ.

ಆಮೇಲೆ ಮೇಜಿನ ಹಿಂದೆ ಹೋದೆ. ನಾನು ಏನು ಮಾಡುತ್ತೇನೆ ಎಂದು ಅವಳಿಗಾಗಲಿ ಮೇಷ್ಟ್ರಿಗಾಗಲಿ ಕಾಣುವಂತಿರಲಿಲ್ಲ. ಶಿಳ್ಳೆ ಇದ್ದಾಗ ಪೆನ್ಸಿಲ್ ಎತ್ತು, ಇಲ್ಲದಾಗ ಇಳಿಸು ಎಂದೆ. ಫೋನನ್ನು ಮೇಷ್ಟ್ರ ಕೈಯಲ್ಲಿ ಕೊಟ್ಟೆ. ಹಳೆಯ ಚಾರ್ಜರ್ ಚುಚ್ಚಿದೆ. ಪೆನ್ಸಿಲ್ ಏಳಲಿಲ್ಲ. ಅವಳು ಮತ್ತೆ ಅಪ್ಪನ ಮುಖ ನೋಡುತ್ತಿದ್ದಳು. ಮೇಷ್ಟ್ರು ಮುಖ ಬೇರೆ ಕಡೆ ತಿರುಗಿಸಿ, "ಎತ್ತು ಪುಟ್ಟಾ, ನಾನೇನೂ ಅನ್ನಲ್ಲ" ಎಂದರು.

ಪೆನ್ಸಿಲ್ ಎದ್ದಿತು. ಕಿತ್ತೆ, ಇಳಿಯಿತು. ಚುಚ್ಚಿದೆ, ಎದ್ದಿತು. ಕಿತ್ತು ಬಹಳ ಹೊತ್ತು ಸುಮ್ಮನಿದ್ದೆ, ಅದೂ ಅಲುಗಲಿಲ್ಲ. ಹೊಸ ಚಾರ್ಜರ್ ಚುಚ್ಚಿ ನೋಡಿದೆ, ಪೆನ್ಸಿಲ್ ಏಳಲಿಲ್ಲ. ಹಳೆಯದಕ್ಕೆ ಮತ್ತೆ ಎದ್ದಿತು. ಒಂದು ಸಲವೂ ತಪ್ಪಲಿಲ್ಲ. ಮೇಷ್ಟ್ರ ಕೈಯಲ್ಲಿ ಗೆರೆ ಏಳುವುದಕ್ಕೂ ಅವಳ ಕೈಯಲ್ಲಿ ಪೆನ್ಸಿಲ್ ಏಳುವುದಕ್ಕೂ ಕಣ್ಣು ಮಿಟುಕಿಸುವಷ್ಟೂ ಅಂತರವಿರಲಿಲ್ಲ.

ಹಳೆಯ ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಮೇಷ್ಟ್ರು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಅಷ್ಟು ಎತ್ತರದ ಮನುಷ್ಯ ಹಾಗೆ ಕೂತದ್ದನ್ನು ಅವಳು ಮುಂಚೆ ನೋಡಿರಲಿಲ್ಲವೋ ಏನೋ, ಒಂದು ಹೆಜ್ಜೆ ಹಿಂದೆ ಸರಿದಳು.

"ಇಷ್ಟು ದಿನ ತಲೆನೋವು ತಿಂದ್ಕೊಂಡು ಇದರ ಪಕ್ಕ ಕೂತಿದ್ಯಲ್ಲ ಮಗಳೇ" ಎಂದರು ಅವರು. "ಅಪ್ಪಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಮೈತ್ರಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಕ್ಲಾಸಿನಲ್ಲಿ ಹಾಜರಿ ಹೇಳುವ ದನಿಯಲ್ಲಿ ಹೇಳಿದಳು.

"ಹೇಳಿದ್ನಲ್ಲಪ್ಪ."